ಬಲಗಡೆ ಚೀಲದ ಕಲ್ಲು

ಬೈಕಿನ ಹಸಿಬಿಯಲ್ಲಿ ಬಲಗಡೆ ಚೀಲವನ್ನು ನಾಲ್ಕು ಬೆರಳು ಇಳಿಸಿ ಹೊಲಿದುಕೊಡು ಎಂದು ನನ್ನ ಗಂಡ ಕೇಳಿದ ದಿನ ನಾನು ನಕ್ಕುಬಿಟ್ಟೆ. ಹಸಿಬಿಯೆಂದರೆ ಎರಡು ಹೊಟ್ಟೆಯ ಚೀಲ. ನಡುವಿನ ಅಗಲ ಪಟ್ಟಿ ಸೀಟಿನ ಮೇಲೆ ಕೂರುತ್ತದೆ, ಹೊಟ್ಟೆಗಳು ಆಚೆಗೊಂದು ಈಚೆಗೊಂದು ಇಳಿಬೀಳುತ್ತವೆ. ಎರಡೂ ಸಮ ಇರಬೇಕು, ಇಲ್ಲದಿದ್ದರೆ ಅದನ್ನು ಹಸಿಬಿ ಎಂದು ಯಾಕೆ ಕರೆಯಬೇಕು? ಒಂದು ಮೇಲೆ ಒಂದು ಕೆಳಗೆ ಹೊಲಿದರೆ ತೀರಿಕೊಂಡ ನಮ್ಮಪ್ಪ ದೇವದುರ್ಗದಿಂದ ಎದ್ದು ಬಂದು ನನ್ನ ಕೈಯ ಕತ್ತರಿ ಕಸಿದುಕೊಳ್ಳುತ್ತಾನೆ ಅಂದೆ. ಇವರು ನಗಲಿಲ್ಲ. ಗಾಡಿ ಎಡಕ್ಕೆ ಎಳೆಯುತ್ತದೆ, ಹೇಳಿದಷ್ಟು ಮಾಡು ಅಂದರು.

ನಮ್ಮಪ್ಪ ಹಸಿಬಿ ಹೊಲಿಯುವವನು, ಅವನಪ್ಪನೂ ಅದನ್ನೇ ಹೊಲಿದವನು. ತಾತನ ಕಾಲಕ್ಕೆ ಅವು ಗೋಣಿಯವು, ಹೇರೆತ್ತಿನ ಬೆನ್ನಿಗೆ, ಕತ್ತೆಯ ಬೆನ್ನಿಗೆ. ಅಪ್ಪನ ಕಾಲಕ್ಕೆ ಸೈಕಲ್ಲು ಬಂತು. ನನ್ನ ಕೈಗೆ ದಬ್ಬಣ ಬರುವ ಹೊತ್ತಿಗೆ ಬೈಕುಗಳಾಗಿದ್ದವು, ಗೋಣಿಯ ಬದಲು ತಾಡಪತ್ರಿ. ಹೊರುವುದು ಬದಲಾಯಿತೇ ಹೊರತು ಚೀಲದ ನ್ಯಾಯ ಬದಲಾಗಲಿಲ್ಲ. ಬಟ್ಟೆಯನ್ನು ಮಡಚಿ ಎರಡೂ ಬದಿಯನ್ನು ಒಂದೇ ಸಲ ಕತ್ತರಿಸಬೇಕು. ಹೊಲಿದಾದ ಮೇಲೆ ಅಪ್ಪ ಅದನ್ನು ತನ್ನ ಹೆಗಲಿಗೇ ಹಾಕಿಕೊಂಡು, ಹಿಂದೆ ಮುಂದೆ ಜೋಳ ಸುರಿಸಿಕೊಂಡು, ಅಂಗಡಿಯ ಮುಂದೆ ಅಡ್ಡಾಡಿ ನೋಡಿ ಗಿರಾಕಿಗೆ ಕೊಡುತ್ತಿದ್ದ. ಕೊಳ್ಳಲು ಬಂದವರಿಗೆ ಅದೊಂದು ತಮಾಷೆ. ನನ್ನ ಓದು ಪಿಯುಸಿಗೆ ನಿಂತಿತು. ಹೊಲಿಗೆಯೂ ಕತೆ ಪುಸ್ತಕದ ಚಟವೂ ಮದುವೆಯಾದಾಗ ನನ್ನ ಜೊತೆಗೇ ಮಾನ್ವಿಗೆ ಬಂದವು. ಗಂಡನ ಮನೆಯಲ್ಲಿ ಒಂದಕ್ಕೆ ಬೈಸಿಕೊಂಡೆ, ಒಂದಕ್ಕೆ ಹೊಗಳಿಸಿಕೊಂಡೆ.

ಇವರದು ತರಕಾರಿ ವ್ಯಾಪಾರ. ನಸುಕಿನಲ್ಲಿ ಮಾನ್ವಿಯ ಮಾರುಕಟ್ಟೆಯಲ್ಲಿ ಹರಾಜು ಹಿಡಿದು ಮನೆಗೆ ತರುತ್ತಿದ್ದರು. ಚೀಕಲಪರ್ವಿ ಕಡೆಯ ಹೊಳೆದಂಡೆಯ ಬದನೆ ಸಿಕ್ಕ ದಿನ ಅವರ ಮುಖವೇ ಬೇರೆ. ನಾನು ಅಂಗಳದಲ್ಲಿ ಕೂತು ಆರಿಸಿ ಹಸಿಬಿಗೆ ತುಂಬುತ್ತಿದ್ದೆ. ಎಡಕ್ಕೆ ಉಳ್ಳಾಗಡ್ಡಿಯ ಮೇಲೆ ಟೊಮ್ಯಾಟೊ, ಬಲಕ್ಕೆ ಆಲೂಗಡ್ಡೆಯ ಮೇಲೆ ಬದನೆ, ಹಸಿ ಅರಿವೆಯಲ್ಲಿ ಸುತ್ತಿದ ಸೊಪ್ಪು ಎಲ್ಲಕ್ಕೂ ಮೇಲೆ. ಕೊನೆಗೆ ಎರಡೂ ಬದಿಯನ್ನು ಎತ್ತಿ ತೂಗಿ, ಕಡಿಮೆ ಬಿದ್ದ ಬದಿಯ ಬಾಯಿಗೆ ಒಂದು ಹೊಳೆಗಲ್ಲು ಇಡುವುದು. ಆ ಕಲ್ಲು ನನಗಿಂತ ಮೊದಲೇ ಈ ಮನೆಗೆ ಬಂದದ್ದು. ನಮ್ಮ ಮಾವ ಎತ್ತಿನ ಮೇಲೆ ಉಪ್ಪು ಹೇರಿ ಊರೂರು ತಿರುಗುವಾಗಲೂ ಅದೇ ಕಲ್ಲು. ಕೈಯಾಡಿ ಕೈಯಾಡಿ ನುಣ್ಣಗಾಗಿದೆ. ಹಬ್ಬ ಬಂದರೆ ನಮ್ಮತ್ತೆ ಅದಕ್ಕೂ ವಿಭೂತಿ ಎಳೆಯುತ್ತಾರೆ.

ಹೊರಟ ಮೇಲೆ ಸಮ ಕಾಯ್ದುಕೊಳ್ಳುವುದು ಇವರ ಜಾಣತನ. ಒಂದೇ ಬದಿಯಿಂದ ಮಾರುತ್ತ ಹೋದರೆ ಇನ್ನೊಂದು ಬದಿ ಜಗ್ಗುತ್ತದಲ್ಲ, ಹಾಗಾಗಿ ಟೊಮ್ಯಾಟೊ ಕೇಳಿದವಳಿಗೆ ಬದನೆಯ ಗುಣಗಾನ, ಬದನೆ ಕೇಳಿದವಳಿಗೆ ಟೊಮ್ಯಾಟೊ ಸಾರಿನ ಆಸೆ. ರಾಯಚೂರು ದಾರಿಯ ಕಲ್ಲೂರಿನಲ್ಲಿ ಇವರ ಗಿರಾಕಿ ಹೆಂಗಸರಿಗೆ ಇದು ತಿಳಿಯದೆ ಇದ್ದೀತೇ? ನಿನ್ನ ಗಾಡಿ ವಾಲುತ್ತದೆಂದು ನಮ್ಮ ಮನೆಯವರು ದಿನವೂ ಬದನೆಕಾಯಿ ಉಣ್ಣಬೇಕೇನು ಎಂದು ಕೇಳುತ್ತಿದ್ದರಂತೆ. ಕೇಳುತ್ತಲೇ ಕೊಳ್ಳುತ್ತಿದ್ದರು. ಇವರು ಸಂಜೆ ಬಂದು ಅವರ ದನಿಯಲ್ಲೇ ಅಣಕಿಸಿ ತೋರಿಸಿದರೆ ನಮ್ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಈ ದಾರಿಯಲ್ಲಿ ಒಂದು ರೂಢಿಯಿದೆ. ವಾಲಿದ ಹೇರನ್ನು ಕಂಡವರು ಕಂಡೂ ಕಾಣದ ಹಾಗೆ ಹೋಗಬಾರದು, ಸರಿ ಮಾಡಿಯೇ ಹೋಗಬೇಕು. ಯಾರದೆಂದು ಕೇಳುವುದಿಲ್ಲ. ಮಾಡಿದ ಮೇಲೆ ಹೇಳುವುದೂ ಇಲ್ಲ, ಹೇಳಿದರೆ ಉಪಕಾರ ಹೊರಿಸಿದ ಹಾಗೆ. ಹೇರೆತ್ತಿನ ಕಾಲದ ನಡತೆ ಅದು. ಮೂಕ ಪ್ರಾಣಿ ತನ್ನ ನೋವು ಹೇಳಲಾರದು, ಕಂಡವರು ತಾವೇ ತಿಳಿದು ಮಾಡಬೇಕು. ಎತ್ತು ಹೋಗಿ ಬೈಕು ಬಂದರೂ ಮಂದಿಯ ಕೈ ಸುಮ್ಮನಿರಲಿಲ್ಲ. ಒಮ್ಮೆ ಬಸ್ಸಿನ ಡ್ರೈವರ್ ಒಬ್ಬ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದು, ಇವರ ಹಸಿಬಿಯ ಪಟ್ಟಿ ಸರಿಸಿ ಕೂರಿಸಿ, ಮಾತಿಲ್ಲದೆ ಹತ್ತಿ ಹೋದನಂತೆ. ಬಸ್ಸಿನೊಳಗಿನವರು ಯಾರೂ ಗೊಣಗಲಿಲ್ಲವಂತೆ. ಕಲ್ಲೂರಿನಲ್ಲಿ ಇವರು ದಿನಾ ಚಹಾ ಕುಡಿಯುವ ಹೋಟೆಲಿನ ಯಜಮಾನನಂತೂ ಈ ಕೆಲಸಕ್ಕೇ ಹುಟ್ಟಿದವನು. ಇವರು ಒಳಗೆ ಕೂತರೆ ಅವನು ಹೊರಗೆ ಬಂದು ಒಂದು ಸಲ ಹೇರನ್ನು ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ನಮ್ಮ ಕಡೆಯ ಮಂದಿ ಒರಟು ಎನ್ನುವವರಿಗೆ ನಾನು ಈ ರೂಢಿಯನ್ನು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳುವಾಗ ನನ್ನ ಬಾಯಿಯೇ ಒಣಗುತ್ತದೆ.

ಕೇಳಿದ ಹಾಗೆ ಬಲಗಡೆ ಇಳಿಸಿ ಹೊಲಿದುಕೊಟ್ಟೆ. ಕೆಲವು ದಿನ ಸುಮ್ಮನಿದ್ದರು. ಆಮೇಲೆ ಉಳ್ಳಾಗಡ್ಡಿಯನ್ನೂ ಬಲಕ್ಕೇ ಹಾಕು ಅಂದರು. ಮಳೆಗಾಲ ಕಳೆಯುವ ಹೊತ್ತಿಗೆ ಕಲ್ಲು ತೂಗಿ ನೋಡದೆಯೇ ಬಲಕ್ಕೆ ಹೋಗತೊಡಗಿತು. ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿದರೆ ಬಲಕ್ಕೆ ಬಗ್ಗಿದ ಹಾಗೆ ಕಾಣುತ್ತಿತ್ತು. ಹೊಲಿಯುವವಳ ಕಣ್ಣಿಗೆ ಅದು ಹಲ್ಲಿನಲ್ಲಿ ಸಿಕ್ಕ ನಾರು. ನನ್ನ ಹೆಸರು ಕೆಡುತ್ತದೆ, ಮೊದಲು ಗಾಡಿ ರಿಪೇರಿ ಮಾಡಿಸಿ ಅಂದೆ. ಟಯರ್ ಬದಲಾಯಿತು. ಮುಂದಿನ ಫೋರ್ಕ್ ಬಿಚ್ಚಿ ಮತ್ತೆ ಹಾಕಿದ್ದಾಯಿತು. ಹಿಂದಿನ ಚಕ್ರ ಬಿಗಿದದ್ದಾಯಿತು. ಕೊನೆಗೆ ಮೆಕ್ಯಾನಿಕ್ ಬೇಸತ್ತು, ಹ್ಯಾಂಡಲ್ ಮೇಲಿನ ಎರಡೂ ಕೈ ಬಿಟ್ಟು ರಸ್ತೆಯುದ್ದಕ್ಕೂ ಓಡಿಸಿ ತೋರಿಸಿದನಂತೆ, ಗಾಡಿ ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತಂತೆ. ಇವರು ಅವನಿಗೆ ಕೆಲಸ ಬರುವುದಿಲ್ಲ ಎಂದು ಬೇರೆ ಮೆಕ್ಯಾನಿಕ್ ಹುಡುಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾವು ಆ ಬೈಕಿಗೆ ಎಷ್ಟು ಬರೆ ಹಾಕಿಸಿದೆವೋ.

ಮೊದಲು ಬಾಯಿಬಿಟ್ಟವರು ನಮ್ಮತ್ತೆ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಮೆಕ್ಯಾನಿಕ್ಕನ್ನು ಬೈಯುತ್ತ ಹಸಿಬಿ ತುಂಬುತ್ತಿದ್ದೆ.

"ಹೇರು ವಾಲಿದ್ರ ನಿಮ್ಮ ಮಾವ ಹೇರು ನೋಡ್ತಿದ್ದಿಲ್ಲ," ಅಂದರು. "ಮೊದಲ ಅದನ್ನ ಇಳಿಸಿ ಎತ್ತಿನ ಬೆನ್ನು ನೋಡ್ತಿದ್ದ."

ಬೈಕಿಗೆ ಎಲ್ಲಿಯ ಬೆನ್ನು ಎಂದು ನಾನು ಸಿಡುಕಿದೆ. ಅವರು ಅಂಗಳ ದಾಟಿ ಗಾಡಿಯ ಕಡೆ ಹೋಗುತ್ತಿದ್ದ ಮಗನ ನಡಿಗೆಯನ್ನೇ ನೋಡುತ್ತ ಕೂತರು.

ಮರುದಿನದಿಂದ ನಾನು ಗಾಡಿಯನ್ನು ನೋಡುವುದು ಬಿಟ್ಟು ಇವರನ್ನು ನೋಡತೊಡಗಿದೆ. ನಮ್ಮ ಓಣಿಯ ತಿರುವಿನಲ್ಲಿ ಗೇರು ಬೀಳುವ ಸದ್ದು ಕೇಳಿದ ಮೇಲೆಯೇ ನಾನು ಒಲೆಯ ಕಡೆ ತಿರುಗುವುದು, ಅದು ವರ್ಷಗಳ ಅಭ್ಯಾಸ. ಈಗ ಆ ಸದ್ದು ತಿರುವು ದಾಟಿ ಎಷ್ಟೋ ಮುಂದೆ ಹೋದ ಮೇಲೆ ಕೇಳುತ್ತಿತ್ತು. ಗೇರು ಹಾಕುವುದು ಎಡಗಾಲಿನಿಂದ. ಬಾಗಿಲ ಬಳಿ ಬಿಟ್ಟ ಚಪ್ಪಲಿ ತಿರುವಿ ನೋಡಿದೆ. ಬಲಗಾಲಿನದು ಹೊಸದರ ಹಾಗೇ ಇತ್ತು, ಎಡಗಾಲಿನದರ ತುದಿ ನೆಲಕ್ಕೆ ತಿಕ್ಕಿ ತಿಕ್ಕಿ ಹರಿದಿತ್ತು. ನಡೆಯುವಾಗ ಬಲಗೈ ಬೀಸುತ್ತಿತ್ತು, ಎಡಗೈ ಕಂಕುಳಲ್ಲಿ ಏನೋ ಹಿಡಿದುಕೊಂಡವರ ಹಾಗೆ ಮೈಗೆ ಅಂಟಿಕೊಂಡಿತ್ತು. ಚಾಪೆಯ ಮೇಲೆ ಉಣ್ಣಲು ಕೂತರೂ ಎಡಕ್ಕೆ ಒಂದಿಷ್ಟು ಬಾಗು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನಮಗೆ ಬೇಕಾಗಿತ್ತು. ಗಾಡಿ ಎಳೆಯುತ್ತಿರಲಿಲ್ಲ. ಎಳೆಯುತ್ತಿದ್ದದ್ದು ಇವರ ಮೈ, ಅದನ್ನು ಸಮ ಮಾಡಲು ನಾನು ಬಲಕ್ಕೆ ಕಲ್ಲು ಇಡುತ್ತಿದ್ದೆ.

ಜಗಳ ಮಾಡಿ ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋದೆ. ಡಾಕ್ಟರರು ಇವರನ್ನು ಮೊಗಸಾಲೆಯಲ್ಲಿ ಅತ್ತಿತ್ತ ನಡೆಸಿದರು, ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು. ಬಲಗೈ ಪಟಪಟ ತಟ್ಟಿತು. ಎಡಗೈ ಶುರು ಮಾಡಿ ಮರೆತುಬಿಟ್ಟ ಹಾಗೆ ನಿಂತಿತು. ಇವರು ಅದನ್ನೇ ನೋಡುತ್ತಿದ್ದರು, ಬೇರೆ ಯಾರದೋ ಕೈ ನೋಡುವ ಹಾಗೆ. ಸ್ಕ್ಯಾನು, ರಕ್ತ ಎಲ್ಲ ಮುಗಿದ ಮೇಲೆ ಡಾಕ್ಟರರು ಸಮಾಧಾನವಾಗಿ ಹೇಳಿದರು. ಮಿದುಳಿನಿಂದ ಬರುವ ಕಾಯಿಲೆ, ಮಂದಿ ನಡುಕದ ರೋಗ ಎನ್ನುತ್ತಾರೆ, ಇವರಿಗೆ ನಡುಕ ಇನ್ನೂ ಬಂದಿಲ್ಲ, ಎಡಗಡೆ ಬಿಗಿತವಾಗಿ ಶುರುವಾಗಿದೆ, ಗುಳಿಗೆ ಅದನ್ನು ತಡೆದು ಹಿಡಿಯುತ್ತದೆ, ತೆಗೆದುಹಾಕುವುದಿಲ್ಲ. ಆಮೇಲೆ ಕೆಲಸ ಏನೆಂದು ಕೇಳಿದರು. ಕೇಳಿ ಪೆನ್ನು ಕೆಳಗಿಟ್ಟರು. ಇನ್ನು ಮೇಲೆ ಬೈಕು ಬೇಡ, ಹೇರು ಹೊತ್ತ ಬೈಕಂತೂ ಬೇಡವೇ ಬೇಡ ಅಂದರು. ಬೈಕಿನ ಮೇಲೆ ಕೂತರೆ ನನಗೆ ಏನೂ ಇಲ್ಲ, ನಡೆಯುವಾಗ ಮಾತ್ರ ಎಂದು ಇವರು ವಾದಿಸಿದರು. ಡಾಕ್ಟರರು ನನ್ನ ಮುಖ ನೋಡಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಲ್ಲೂರು ದಾಟಿದ ಮೇಲೆ ಮಾತಾಡಿದರು.

"ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ಅಯ್ಯೋ ಪಾಪ ಅಂತ ಬದನಿಕಾಯಿ ತಗೊಳ್ಳಾಕ ಶುರು ಮಾಡ್ತಾರ. ಹಂಗ ಮಾರೋದು ನನ್ನ ಕೈಲೆ ಆಗಂಗಿಲ್ಲ."

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವರ ವ್ಯಾಪಾರ ನಾನು ಬಲ್ಲೆ. ಬೈಯುತ್ತ ಕೊಳ್ಳುವ ಹೆಂಗಸರ ಮುಂದೆ ಅವರು ರಾಜ. ಕನಿಕರದಿಂದ ಕೊಳ್ಳುವವರ ಮುಂದೆ ಏನಾಗುತ್ತಾರೆ ಎಂದು ನನಗೂ ಊಹಿಸಲು ಆಗಲಿಲ್ಲ. ಹೇಳುವುದಿಲ್ಲ ಅಂದೆ.

ಸಿಟ್ಟು ಆಮೇಲೆ ಬಂತು, ಬೇಕಾದಷ್ಟು ಬಂತು. ಮಾರನೆಯ ವಾರವೇ ಗಾಡಿ ಹೊರಗೆ ತೆಗೆದರು. ನಾನು ಕೀಲಿ ಅಡಗಿಸಿದೆ, ಇನ್ನೊಂದು ಕೀಲಿ ಮಾಡಿಸಿಕೊಂಡು ಬಂದರು. ನಾನು ಹಸಿಬಿ ತುಂಬುವುದಿಲ್ಲ ಎಂದು ಬಾಗಿಲು ಹಾಕಿಕೊಂಡು ಒಳಗೆ ಕೂತೆ. ತಾವೇ ತುಂಬಿಕೊಂಡರು, ಹಟಕ್ಕೆ ಎರಡೂ ಬದಿ ಸಮ ತುಂಬಿಕೊಂಡರು. ಆ ದಿನ ಮಧ್ಯಾಹ್ನವೇ ಮೊಣಕೈ ತರಚಿಕೊಂಡು, ಅಂಗಿಯ ಎಡತೋಳು ಮಣ್ಣು ಮಾಡಿಕೊಂಡು ಬಂದರು. ಕೇಳಿದರೆ ರಸ್ತೆಗೆ ಯಾರೋ ನೀರು ಚೆಲ್ಲಿದ್ದರು ಎಂಬ ಉತ್ತರ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಗಾಯಕ್ಕೆ ಅರಿಸಿನ ಒತ್ತುತ್ತ ನಾನು ಬಾಯಿಗೆ ಬಂದಂತೆ ಬೈದೆ. ಅವರು ಮಕ್ಕಳ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಆದರೆ ಮರುದಿನ ನಸುಕಿಗೆ ಮತ್ತೆ ಎದ್ದರು.

ಸಮ ತುಂಬಿದರೆ ಬೀಳುತ್ತಾರೆ. ವಾಲಿಸಿ ತುಂಬಿದರೆ ಹೋಗುತ್ತಾರೆ. ನನಗಿದ್ದದ್ದು ಇವೆರಡೇ. ಅಂಗಳದಲ್ಲಿ ಕೂತು ಎರಡನೆಯದನ್ನು ಮಾಡಿದೆ. ಎಡಕ್ಕೆ ಹಗುರಾದದ್ದು, ಬಲಕ್ಕೆ ಭಾರ, ಬಲಗಡೆಯ ಬಾಯಿಗೆ ಕಲ್ಲು. ಕಲ್ಲು ಇಡುವಾಗ ಪ್ರತಿದಿನ ದೇವರಿಗೂ ಸೇರಿಸಿ ಬೈಯುತ್ತಿದ್ದೆ. ಹಳ್ಳಿ ಹಳ್ಳಿ ತಿರುಗುವುದು ಬೇಡ, ಕಲ್ಲೂರಿಗೆ ಮಾತ್ರ, ನೆಟ್ಟನೆ ದಾರಿ, ಹೋಗಿ ಬರುವುದು ಎಂದು ಒಪ್ಪಿಸಿದೆ. ಯುಗಾದಿ ಆಗಲಿ, ಆಮೇಲೆ ಮಾನ್ವಿಯಲ್ಲೇ ತಳ್ಳುಗಾಡಿ ಇಡುತ್ತೇನೆ ಅಂದರು. ತಳ್ಳುಗಾಡಿಗೆ ನಾಲ್ಕು ಚಕ್ರ, ಹಿಡಿದುಕೊಂಡು ನಡೆದರೆ ಕಾಲಿಗೂ ಆಸರೆ. ಯುಗಾದಿ ಹೋಯಿತು. ಕಾರ ಹುಣ್ಣಿಮೆ ಆಗಲಿ ಅಂದರು. ಗುಳಿಗೆ ಹಿಡಿದಿತ್ತೋ ಏನೋ, ಅವರ ಮುಖದಲ್ಲಿ ಗೆಲುವೂ ಇತ್ತು. ನಾನೂ ಸ್ವಲ್ಪ ಮೆತ್ತಗಾದೆ. ಹಸಿಬಿಯನ್ನು ಇನ್ನಷ್ಟು ಒಪ್ಪವಾಗಿ, ವಾಲಿದ್ದು ಮೇಲೆ ಕಾಣದ ಹಾಗೆ, ಎಡಗಡೆ ಚೀಲಕ್ಕೆ ಸುಳ್ಳು ಹೊಟ್ಟೆ ಬರುವಂತೆ ಹುಲ್ಲು ತುರುಕಿ ಹೊಲಿದುಕೊಟ್ಟೆ. ಅಪ್ಪನ ದಬ್ಬಣ ಅಂಥ ಕೆಲಸ ಎಂದೂ ಮಾಡಿರಲಿಲ್ಲ.

ದೂರದಿಂದ ನೋಡಿದವರಿಗೆ ಅದು ಸಮವಾಗಿಯೇ ಕಾಣುತ್ತಿತ್ತು. ಮುಟ್ಟಿ ನೋಡುವವನು ಒಬ್ಬನಿದ್ದ, ಅವನನ್ನು ನಾನು ಮರೆತಿದ್ದೆ. ಇವರು ಮರೆತಿರಲಿಲ್ಲ. ಅಷ್ಟು ದಿನವೂ ಹೋಟೆಲಿನ ಒಳಗೆ ಕೂರದೆ, ಗಾಡಿಯ ಪಕ್ಕದಲ್ಲೇ ನಿಂತು ಚಹಾ ಕುಡಿದು ಬರುತ್ತಿದ್ದರಂತೆ. ಆ ದಿನ ಬಿಸಿಲು ಜೋರಿತ್ತು, ಎಡಗಾಲು ಸೋತಿತ್ತು, ಒಳಗೆ ಫ್ಯಾನಿನ ಕೆಳಗೆ ಒಂದು ಗಳಿಗೆ ಕೂತರು.

ಫೋನು ಮಾಡಿದವನು ಹೋಟೆಲಿನ ಯಜಮಾನನೇ. ಗಾಬರಿ ಆಗಬೇಡ ತಂಗಿ ಎಂದು ಶುರು ಮಾಡಿದ. ಹೋಟೆಲಿನ ಮುಂದೆ ಸ್ವಲ್ಪ ದೂರದ ಕಾಲುವೆಯ ಸೇತುವೆ ಹತ್ತುವಾಗ ಗಾಡಿ ಎಡಕ್ಕೆ ಮಲಗಿದೆ, ಕಾಲು ಕೆಳಗೆ ಸಿಕ್ಕಿದೆ, ಜೀವಕ್ಕೆ ಏನೂ ಇಲ್ಲ, ರಾಯಚೂರಿಗೆ ಕರೆದೊಯ್ಯುತ್ತಿದ್ದೇವೆ ಅಂದ. ಆಮೇಲೆ, ಯಾರನ್ನೋ ಕೇಳಿಕೊಳ್ಳುವ ಹಾಗೆ, ಹೇರನ್ನು ನಾನೇ ಸರಿ ಮಾಡಿ ಕಳಿಸಿದ್ದೆನಲ್ಲ, ಹೇಗೆ ಬಿತ್ತು ಅಂದ. ಆ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎಡತೊಡೆಯ ಮೂಳೆ ಮುರಿದಿತ್ತು. ಒಳಗೆ ಸರಳು ಹಾಕಿದರು. ಮನೆಗೆ ಬಟ್ಟೆಬರೆ ತರಲು ನಾನು ಬಂದಾಗ ಅಂಗಳದಲ್ಲಿ ಹಸಿಬಿ ಬಿದ್ದಿತ್ತು, ಕಲ್ಲೂರಿನವರು ಆಟೋದಲ್ಲಿ ಕಳಿಸಿದ್ದರು. ಟೊಮ್ಯಾಟೊ ಜಜ್ಜಿ ಹುಳಿ ವಾಸನೆ ಬರುತ್ತಿತ್ತು. ಬಿಡಿಸಲು ಕೂತೆ. ಬಲಗಡೆ ಚೀಲದ ಬಾಯಿ ಖಾಲಿ. ಎಡಗಡೆಯ ಬಾಯಿ ಬಿಚ್ಚಿದರೆ ಅಲ್ಲಿ ಕಲ್ಲು. ರಸ್ತೆಯಲ್ಲಿ ಬಿದ್ದದ್ದನ್ನು ಯಾರೋ ಆರಿಸಿ ಹಾಕಿದ್ದಲ್ಲ. ಕೂಸಿಗೆ ಹೊದಿಸಿದ ಹಾಗೆ ಹಸಿ ಅರಿವೆ ಸುತ್ತಿ, ಅಲುಗಾಡದಂತೆ ಒತ್ತಿ ಕೂರಿಸಿ, ಮೇಲೆ ಹುರಿಯಿಂದ ಕಟ್ಟಿದ್ದ ಕಲ್ಲು. ಮನಸ್ಸಿಟ್ಟು ಮಾಡಿದ ಕೆಲಸ. ಹೋಟೆಲಿನ ಯಜಮಾನ ಹೇರನ್ನು ಮುಟ್ಟಿ ನೋಡಿದ್ದಾನೆ. ಬಲಗಡೆ ಭಾರ, ಅದರ ಮೇಲೆ ಕಲ್ಲೂ ಬಲಕ್ಕೇ ಇದೆ. ಯಾರೋ ತಪ್ಪಿ ಇಟ್ಟಿದ್ದಾರೆ ಎಂದುಕೊಂಡು ಎಡಕ್ಕೆ ಇಟ್ಟಿದ್ದಾನೆ. ರೂಢಿಯಂತೆ ಇವರಿಗೆ ಹೇಳಿಲ್ಲ.

ಆಸ್ಪತ್ರೆಗೆ ಹೋಗಿ ಇವರನ್ನು ಕೇಳಿದೆ. ಗಾಡಿ ಹತ್ತಿದ ಕೂಡಲೇ ಗೊತ್ತಾಯಿತು ಅಂದರು. ಹಾಗಾದರೆ ಇಳಿದು ನೋಡಬಾರದಾಗಿತ್ತೇ ಅಂದೆ. ಹೋಟೆಲಿನ ಮುಂದೆ ಮಂದಿ ಕೂತಿದ್ದರು, ಅವರ ಮುಂದೆ ಇಳಿದು ಸಮ ಇದ್ದ ಹೇರನ್ನು ವಾಲಿಸುವುದು ಹೇಗೆ ಅಂದರು. ಸೇತುವೆಯ ಆಚೆ, ಯಾರೂ ಇಲ್ಲದ ಕಡೆ ಇಳಿದು ಸರಿಪಡಿಸಿಕೊಳ್ಳಬೇಕೆಂದಿದ್ದರಂತೆ. ಸೇತುವೆ ದಾಟಲಿಲ್ಲ.

ನನಗೆ ಹೋಟೆಲಿನವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಮೊಬೈಲ್ ಕೈಗೆ ತೆಗೆದುಕೊಂಡೇ ಬಿಟ್ಟೆ. ಕೇಳದೆ ಕೈ ಹಾಕುವವನು ಯಾರು ನೀನು ಎಂದು ಒದರಬೇಕೆಂದಿದ್ದೆ. ಇವರು ನನ್ನ ಸೆರಗು ಹಿಡಿದರು. ಅವನಿಗೆ ಹೇಳಬೇಡ, ಸತ್ತರೂ ಹೇಳಬೇಡ, ತಡೆದುಕೊಳ್ಳಲಾರ ಅಂದರು. ಅವನು ತಡೆದುಕೊಳ್ಳಲಾರ, ನಾನು ಮಾತ್ರ ಎಲ್ಲ ತಡೆದುಕೊಳ್ಳುತ್ತೇನೆ ಅಲ್ಲವೇ ಎಂದು ಕೇಳಿದೆ. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ರಾತ್ರಿ ನಾನು ಅವರ ಹಾಸಿಗೆಯ ಪಕ್ಕ ಕೂತು ಅತ್ತೆ. ಅವನಿಗಾಗಿ ಅಲ್ಲ, ನನಗಾಗಿ.

ಮನೆಗೆ ಬಂದ ಮೇಲೆ ನೋಡಲು ಮಂದಿ ಬಂದರು. ಎಲ್ಲರಿಗೂ ಒಂದೇ ಕತೆ, ನಾಯಿ ಅಡ್ಡ ಬಂತು. ಹೇಳಿ ಹೇಳಿ ಆ ನಾಯಿಗೆ ಬಣ್ಣವೂ ಬಂತು, ಬಾಲವೂ ಬಂತು. ನಡುಮನೆಯ ಹೊರಸಿನ ಮೇಲೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಸ್ವಲ್ಪ ಹೊತ್ತಿಗೆ ಎಡಕ್ಕೆ ಜಾರುತ್ತಿದ್ದರು. ಬಂದವರು ಕಾಲು ಮುರಿದದ್ದಕ್ಕೆ ಎಂದುಕೊಳ್ಳುತ್ತಿದ್ದರು. ಮುರಿದ ಕಾಲಿನ ಹಿಂದೆ ಕಾಯಿಲೆ ಚೆನ್ನಾಗಿ ಅಡಗಿ ಕೂತಿತ್ತು. ಅದಕ್ಕೆ ಇವರ ಮುಖದಲ್ಲಿ ಒಂದು ನೆಮ್ಮದಿಯೂ ಇದ್ದದ್ದನ್ನು ನಾನು ಕಂಡೆ, ಕಂಡು ಇನ್ನೂ ಉರಿದೆ.

ಹೋಟೆಲಿನ ಯಜಮಾನ ಒಂದು ಸಂಜೆ ಬಂದ. ಇವರಿಗಿಂತ ದೊಡ್ಡವನು, ಗಟ್ಟಿ ಆಳು, ಈಗ ಹೆಗಲು ಇಳಿದಿದ್ದವು. ಪೇಪರಿನಲ್ಲಿ ಸುತ್ತಿದ್ದನ್ನು ಹೊರಸಿನ ಕೆಳಗೆ ಇಟ್ಟ. ಸೇತುವೆಯ ಹತ್ತಿರ ಬಿದ್ದಿದ್ದ ಎಡಗಾಲಿನ ಚಪ್ಪಲಿ, ತೊಳೆದು ತಂದಿದ್ದ. ನಾನು ಚಹಾ ಕೊಟ್ಟೆ, ಮುಖ ಕೊಡಲಿಲ್ಲ. ನಮ್ಮತ್ತೆ ಮೂಲೆಯಲ್ಲಿ ಕೂತಿದ್ದರು. ಇವರು ನಾಯಿಯ ಕತೆ ಶುರು ಮಾಡಿದರು.

ಅವನು ಪೂರ್ತಿ ಕೇಳಿದ. ಚಹಾದ ಲೋಟ ಕೆಳಗಿಟ್ಟ.

"ನಾಯಿ ಇದ್ದಿಲ್ಲ ತಮ್ಮಾ. ನಾ ಹೋಟೆಲ್ ಮುಂದ ನಿಂತು ನೋಡಾಕತ್ತಿದ್ದೆ."

ಅವನೇ ಮುಂದುವರಿಸಿದ. ತನ್ನ ಕೈಯಿಂದ ಕಲ್ಲು ಎತ್ತಿ ಇನ್ನೊಂದು ಬದಿಗೆ ಇಟ್ಟದ್ದು, ಕಟ್ಟಿದ್ದು, ಎರಡೂ ಬದಿ ಎತ್ತಿ ನೋಡಿದ್ದು ಎಲ್ಲ ಹೇಳಿದ. ಊರಲ್ಲಿ ಮಂದಿ ಅವನ ಕೈಗುಣದ ಮೇಲೆ ಮಾತಾಡುತ್ತಿದ್ದರಂತೆ. ಅವನು ಮುಟ್ಟಿದ ಹೇರು ನೂರು ಹೆಜ್ಜೆ ಹೋಗಲಿಲ್ಲ ಎಂದು ನಗುತ್ತಿದ್ದರಂತೆ. ನಗುವವರು ನಗಲಿ, ಅಂದ. ಎಷ್ಟು ವರ್ಷದಿಂದ ಮಾಡಿದ ಕೆಲಸ, ಅವತ್ತು ಎಲ್ಲಿ ತಪ್ಪಿತು ಎಂದು ತಿಳಿಯುತ್ತಿಲ್ಲ ಅಂದ.

"ಈಗ ಯಾರ ಹೇರಿಗೂ ಕೈ ಹಚ್ಚಂಗಿಲ್ಲ ನಾ. ಮೊನ್ನಿ ಒಬ್ಬಾಕಿ ಸೈಕಲ್ ಮ್ಯಾಲ ನೀರಿನ ಕೊಡ ವಾಲಿತ್ತು, ಮಾರಿ ತಿರುವಿ ನಿಂತೆ. ನಂದು ಏನು ತಪ್ಪಾತು, ಅಷ್ಟು ಹೇಳು."

ನನ್ನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ಆಸ್ಪತ್ರೆಯಲ್ಲಿ ಒದರಬೇಕೆಂದುಕೊಂಡದ್ದೆಲ್ಲ ಈಗ ಹೇಳಬಹುದಿತ್ತು, ಅವನೇ ಕೇಳುತ್ತಿದ್ದ. ಆದರೆ ಮಾತು ನೀರಿನ ಕೊಡದ ಹತ್ತಿರ ನಿಂತುಬಿಟ್ಟಿತು. ಮುಖ ತಿರುಗಿಸಿ ನಿಂತ ಆ ದೊಡ್ಡ ಮನುಷ್ಯ ನನ್ನ ಕಣ್ಣಿಗೆ ಕಟ್ಟಿದ. ನಾನು ಇವರ ಕಡೆ ನೋಡಿದೆ. ಹೇಳಬೇಡ ಎಂದು ಎರಡು ಸಲ ನನ್ನಿಂದ ಮಾತು ತೆಗೆದುಕೊಂಡವರು ಅವರು. ಹೇಳದಿದ್ದರೆ ಈ ಮನುಷ್ಯ ಹೀಗೇ ಎದ್ದು ಹೋಗುತ್ತಾನೆ, ಹೇಳಿದರೆ ನಾಳೆ ಕಲ್ಲೂರಿನ ಹೆಂಗಸರ ಬಾಯಲ್ಲಿ ಅಯ್ಯೋ ಪಾಪ. ಇವರ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಲಗೈಯಿಂದ ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ನೀ ಹೇರು ಸರಿನೇ ಮಾಡಿದಿ ಯಣ್ಣಾ," ಅಂದರು. "ವಾಲಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ಇವರು ಹೇಳಿದರು. ನಿಧಾನವಾಗಿ, ಡಾಕ್ಟರರು ಹೇಳಿದ್ದೆಲ್ಲ ಒಂದೂ ಬಿಡದೆ, ಎಡಗಾಲು, ಎಡಗೈ, ಗುಳಿಗೆ, ಬಲಗಡೆಯ ಕಲ್ಲು, ನಾನು ತುರುಕಿದ ಹುಲ್ಲು. ನಾಯಿಗೆ ಹಚ್ಚಿದ ಬಣ್ಣ ಒಂದೂ ಇಲ್ಲದ ಮಾತು. ಬೆರಳು ತಟ್ಟಿ ತೋರಿಸಲೂ ಹೋದರು, ಎಡಗೈ ಅರ್ಧಕ್ಕೆ ನಿಂತಿತು. ನಮ್ಮತ್ತೆ ಮೂಲೆಯಲ್ಲಿ ಕಣ್ಣು ಒರೆಸಿಕೊಂಡರು. ಅವರಿಗೆ ಎಂದೋ ಗೊತ್ತಿತ್ತು, ಮಗನ ಬಾಯಿಂದ ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಇಳಿಯಿತು, ಅದರ ಜಾಗಕ್ಕೆ ಬಂದದ್ದು ಭಯ. ಇನ್ನು ಇದು ನಮ್ಮ ಮನೆಯಲ್ಲಿ ಎಲ್ಲರ ಕಣ್ಣೆದುರೇ ಇರುತ್ತದೆ, ಕಲ್ಲಿಟ್ಟು ಸಮ ಮಾಡಲು ಬರುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು.

ಹೋಟೆಲಿನ ಯಜಮಾನ ಅಯ್ಯೋ ಪಾಪ ಅನ್ನಲಿಲ್ಲ. ಅಷ್ಟರಲ್ಲಿ ಇವರು ಮಾತಾಡಿ ದಣಿದು, ದಿಂಬಿನಿಂದ ಜಾರಿ ಎಡಕ್ಕೆ ಪೂರ್ತಿ ಬಾಗಿದ್ದರು. ಅವನು ಎದ್ದ. ಕಾಲ ಬಳಿ ಇದ್ದ ಇನ್ನೊಂದು ದಿಂಬು ತೆಗೆದುಕೊಂಡು ಇವರ ಪಕ್ಕಕ್ಕೆ ಬಂದ. ಕೈ ಚಾಚಿದವನು ಚಾಚಿದಲ್ಲೇ ತಡೆದು ನಿಂತ.

"ಸರಿ ಮಾಡ್ಲೇನು ತಮ್ಮಾ?"

ಇವರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಮಾಡು," ಅಂದರು. "ಎಡಗಡಿ ಇಡು."